ಹೆಡ್‌ಲೈಟ್ ಸಾಲುತ್ತಿಲ್ಲವೇ? ಬಲ್ಬು ಬದಲಿಸುವ ಮೊದಲು ಇಷ್ಟು ನೋಡಿ

ಎರಡು ಮಳೆಗಾಲದ ಹಿಂದೆ ನನ್ನ ಹಳೇ ಹ್ಯಾಚ್‌ಬ್ಯಾಕ್‌ಗೆ ಎಲ್‌ಇಡಿ ಬಲ್ಬು ಹಾಕಿಸಿದೆ. ಅಂಗಡಿಯವನು ಗೋಡೆ ಮುಂದೆ ಕಾರು ನಿಲ್ಲಿಸಿ ಒಂದು ಕಡೆ ಹಳೇ ಬಲ್ಬು, ಇನ್ನೊಂದು ಕಡೆ ಹೊಸದು ಹಚ್ಚಿ ತೋರಿಸಿದ. ಒಂದು ಕಡೆ ಚಿಮಣಿ ದೀಪ, ಇನ್ನೊಂದು ಕಡೆ ಹಾಡಹಗಲು. ಮರುಮಾತಿಲ್ಲದೆ ದುಡ್ಡು ಕೊಟ್ಟು ಬಂದೆ.

ಅದೇ ವಾರ ಉಜಿರೆಗೆ ಹೊರಟಿದ್ದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯಲು ಶುರು ಮಾಡಿದಾಗ ಸಂಜೆ ಏಳಾಗಿತ್ತು. ಮಳೆ, ಮೇಲೆ ಮಂಜು. ಪಕ್ಕದಲ್ಲಿ ಕೂತಿದ್ದ ಭಾವ, "ಏನಯ್ಯಾ ಇದು, ಮುಂದೆ ಯಾರೋ ಬಿಳೀ ಪಂಚೆ ಅಡ್ಡ ಹಿಡಿದು ನಿಂತ ಹಾಗಿದೆಯಲ್ಲ" ಅಂದರು. ಹಾಗೇ ಇತ್ತು. ಮೂತಿಯ ಮುಂದೆ ಬೇಕಾದಷ್ಟು ಬೆಳಕಿದೆ, ರಸ್ತೆ ಮಾತ್ರ ಕಾಣುತ್ತಿಲ್ಲ. ಎದುರಿಂದ ಬಂದ ಬಸ್ಸು, ಲಾರಿಯವರೆಲ್ಲ ಡಿಪ್ಪರ್ ಹೊಡೆಯುತ್ತಿದ್ದರು. ನಾನಿದ್ದದ್ದು ಡಿಮ್‌ನಲ್ಲೇ.

ಆಮೇಲೆ ಕೂತು ಓದಿದೆ, ಬಿಚ್ಚಿದೆ, ಅಳೆದೆ. ಒಂದಿಬ್ಬರು ಒಳ್ಳೆಯ ಎಲೆಕ್ಟ್ರಿಷಿಯನ್‌ಗಳ ಹತ್ತಿರ ನಿಂತು ನೋಡಿದೆ. ಎಷ್ಟು ಬೆಳಕಿದೆ ಅನ್ನೋದಕ್ಕಿಂತ ಅದು ಎಲ್ಲಿ ಬೀಳುತ್ತಿದೆ ಅನ್ನೋದು ಮುಖ್ಯ ಅಂತ ಆಗ ಗೊತ್ತಾಯಿತು. ನಾನು ಕೆಲಸವನ್ನು ತಲೆಕೆಳಗಾಗಿ ಶುರು ಮಾಡಿದ್ದೆ. ಮಾಡಬೇಕಾದ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಬಲ್ಬು ಮತ್ತು ಬಟ್ಟಲು

ಹೆಡ್‌ಲೈಟ್ ಅಂದರೆ ಬರೀ ಬಲ್ಬಲ್ಲ. ಬಲ್ಬಿನ ಹಿಂದೆ ಹೊಳೆಯುವ ಬಟ್ಟಲಿದೆಯಲ್ಲ, ಅದು ರಿಫ್ಲೆಕ್ಟರ್. ಬಲ್ಬು ಬೆಳಕು ಕೊಡುತ್ತದೆ, ಬಟ್ಟಲು ಅದನ್ನು ರಸ್ತೆಗೆ ಹಂಚುತ್ತದೆ. ಎರಡನ್ನೂ ಜೋಡಿಯಾಗಿ ವಿನ್ಯಾಸ ಮಾಡಿರುತ್ತಾರೆ. ಬಲ್ಬಿನ ತಂತಿ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಹಂಚಿಕೆ ಕೆಡುತ್ತದೆ.

ನಮ್ಮಲ್ಲಿ ಬಹಳಷ್ಟು ಸಣ್ಣ ಕಾರುಗಳಲ್ಲಿರುವುದು ಎಚ್4 ಬಲ್ಬು. ಒಂದೇ ಗಾಜಿನೊಳಗೆ ಎರಡು ತಂತಿ. ಹೈ ಬೀಮಿಗೆ 60 ವಾಟ್, ಡಿಮ್ಮಿಗೆ 55 ವಾಟ್. ಡಿಮ್ ತಂತಿಯ ಕೆಳಗೆ ಪುಟ್ಟ ಲೋಹದ ದೊನ್ನೆಯಂಥದ್ದಿದೆ. ಬಲ್ಬು ಕೈಗೆ ಬಂದಾಗ ಗಮನಿಸಿ. ಬೆಳಕು ಬಟ್ಟಲಿನ ಕೆಳಗಿನ ಅರ್ಧಕ್ಕೆ ಹೋಗದಂತೆ ತಡೆಯುವುದು ಅದರ ಕೆಲಸ. ಮೇಲಿನ ಅರ್ಧಕ್ಕೆ ಬಿದ್ದ ಬೆಳಕು ತಿರುಗಿ ಕೆಳಕ್ಕೆ, ರಸ್ತೆಗೆ ಬರುತ್ತದೆ. ಅದಕ್ಕೇ ಡಿಮ್ ಹಾಕಿದಾಗ ಗೋಡೆ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತದೆ, ಕೆಳಗೆ ಬೆಳಕು, ಮೇಲೆ ಕತ್ತಲು. ಈ ಗೆರೆಗೆ ಕಟ್‌ಆಫ್ ಅನ್ನುತ್ತಾರೆ.

ಗೆರೆ ಪೂರ್ತಿ ನೇರವಾಗಿರುವುದಿಲ್ಲ. ಬಲಗಡೆ ಮಟ್ಟಸವಾಗಿದ್ದು, ಎಡಗಡೆ ಸುಮಾರು 15 ಡಿಗ್ರಿ ಮೇಲಕ್ಕೆ ಏರುತ್ತದೆ. ನಾವು ಓಡಿಸುವುದು ರಸ್ತೆಯ ಎಡಕ್ಕೆ. ಎದುರು ಗಾಡಿಯವರ ಕಣ್ಣು ಬಲಗಡೆ, ನಡೆದು ಹೋಗುವವರು, ಮೈಲಿಗಲ್ಲು, ಮೋರಿಯ ಅಂಚು ಎಡಗಡೆ. ಅಮೆರಿಕ, ಯುರೋಪಿನ ಮುಖ್ಯ ನಾಡಿಗೆ ಮಾಡಿದ ಹೆಡ್‌ಲೈಟಿನಲ್ಲಿ ಇದು ಉಲ್ಟಾ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನು ತರಿಸಿ ಹಾಕಿದರೆ ಏರುವ ಬೆಳಕು ನೇರ ಎದುರಿನವನ ಮುಖಕ್ಕೇ.

ಯಾವ ಯಾವ ಬಗೆ ಇವೆ

ಹ್ಯಾಲೊಜೆನ್ ಹಳೆಯ ಆಳು. ಮೊದಲ ಹ್ಯಾಲೊಜೆನ್ ಕಾರ್ ಬಲ್ಬು ಎಚ್1, ಯುರೋಪಿನಲ್ಲಿ 1962ರಲ್ಲಿ ಬಂತು. ಮಾಮೂಲಿ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿ ಆವಿಯಾಗುತ್ತಾ ಗಾಜಿನ ಒಳಗೆ ಮಸಿ ಹಿಡಿಯುತ್ತದೆ. ಇದರೊಳಗೆ ಅಯೋಡಿನ್ ಅಥವಾ ಬ್ರೋಮಿನ್ ಸ್ವಲ್ಪ ಇರುತ್ತದೆ. ಅದು ಆವಿಯಾದ ಟಂಗ್‌ಸ್ಟನ್ನನ್ನು ಹಿಡಿದು ತಂದು ಮತ್ತೆ ತಂತಿಯ ಮೇಲೇ ಬಿಡುತ್ತದೆ. ಗಾಜು ಕಪ್ಪಾಗುವುದಿಲ್ಲ. ಬೆಳಕಿನ ಬಣ್ಣ ಸುಮಾರು 3200 ಕೆಲ್ವಿನ್, ಅಂದರೆ ಬೆಚ್ಚಗಿನ ಹಳದಿ. ಅಗ್ಗ. ಹಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುತ್ತದೆ. ರಸ್ತೆ ಬದಿಯಲ್ಲಿ ನಿಂತು ಐದು ನಿಮಿಷಕ್ಕೆ ನೀವೇ ಬದಲಿಸಬಹುದು. ನನ್ನ ಲೆಕ್ಕದಲ್ಲಿ ಕೊನೆಯದು ಸಣ್ಣ ಗುಣವಲ್ಲ.

ಪ್ರೊಜೆಕ್ಟರ್ ಅಂದರೆ ಬಲ್ಬಿನ ಹೆಸರು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಅದು ಬಟ್ಟಲಿನ ಬಗೆ. ಮುಂದುಗಡೆ ದಪ್ಪ ಗೋಲಿಯಂಥ ಗಾಜು ಕಾಣುತ್ತದಲ್ಲ, ಅದೇ. ಒಳಗಿನ ತಗಡೊಂದು ಬೆಳಕಿನ ಮೇಲ್ಭಾಗವನ್ನು ಕತ್ತರಿಸುತ್ತದೆ. ಹಾಗಾಗಿ ಕಟ್‌ಆಫ್ ಚಾಕುವಿನಲ್ಲಿ ಕೊಯ್ದ ಹಾಗಿರುತ್ತದೆ. ಒಳಗೆ ಹ್ಯಾಲೊಜೆನ್ ಇರಬಹುದು, ಎಚ್‌ಐಡಿ ಇರಬಹುದು, ಎಲ್‌ಇಡಿಯೂ ಇರಬಹುದು.

ಎಚ್‌ಐಡಿಯನ್ನು ನಮ್ಮ ಅಂಗಡಿಗಳಲ್ಲಿ ಝೆನಾನ್ ಅಂತಲೇ ಕರೆಯುತ್ತಾರೆ. 1991ರಲ್ಲಿ ಬಿಎಂಡಬ್ಲ್ಯು 7 ಸೀರಿಸ್‌ನಲ್ಲಿ ಮೊದಲು ಬಂತು. ತಂತಿಯೇ ಇಲ್ಲ. ಎರಡು ಮೊನೆಗಳ ನಡುವೆ ಕಿಡಿ ಹಾರಿ ಅನಿಲ ಹೊಳೆಯುತ್ತದೆ. ಕಿಡಿ ಹಾರಿಸಲು 20 ಸಾವಿರ ವೋಲ್ಟ್‌ಗೂ ಮೇಲೆ ಬೇಕು. ಅದಕ್ಕೆ ಬ್ಯಾಲಾಸ್ಟ್ ಎಂಬ ಡಬ್ಬಿ ಇರುತ್ತದೆ. 35 ವಾಟ್ ತಿಂದು ಸುಮಾರು 3200 ಲ್ಯೂಮೆನ್ ಬೆಳಕು ಕೊಡುತ್ತದೆ. 55 ವಾಟಿನ ಎಚ್7 ಹ್ಯಾಲೊಜೆನ್ ಕೊಡುವುದು ಸುಮಾರು 1500. ಆದರೆ ಹಚ್ಚಿದ ತಕ್ಷಣ ಪೂರ್ತಿ ಬೆಳಕು ಬರುವುದಿಲ್ಲ, ಕೆಲವು ಸೆಕೆಂಡು ಬೇಕು. ಇಷ್ಟು ಬೆಳಕಿಗೆ ಯುರೋಪಿನ ನಿಯಮದಲ್ಲಿ ಲೆನ್ಸ್ ತೊಳೆಯುವ ವಾಷರ್ ಮತ್ತು ತಾನೇ ಮಟ್ಟ ಸರಿಮಾಡಿಕೊಳ್ಳುವ ವ್ಯವಸ್ಥೆ ಕಡ್ಡಾಯ ಮಾಡಿದ್ದರು. ನಮ್ಮಲ್ಲಿ ಕಿಟ್ ತಂದು ಮಾಮೂಲಿ ಬಟ್ಟಲಿಗೆ ತುರುಕಿದವರು ಇವೆರಡನ್ನೂ ಬಿಟ್ಟರು. ಹೆದ್ದಾರಿಯಲ್ಲಿ ಝೆನಾನ್‌ಗೆ ಕೆಟ್ಟ ಹೆಸರು ಬಂದದ್ದು ಹೀಗೆ. ಈಗ ಹೊಸ ಕಾರುಗಳಲ್ಲಿ ಇದು ಹೆಚ್ಚು ಕಡಿಮೆ ಮಾಯವಾಗಿದೆ.

ಅದರ ಜಾಗಕ್ಕೆ ಬಂದದ್ದು ಎಲ್‌ಇಡಿ. 2007ರ ಲೆಕ್ಸಸ್ ಎಲ್‌ಎಸ್ 600ಎಚ್‌ನಲ್ಲಿ ಡಿಮ್ ದೀಪ ಮೊದಲ ಬಾರಿಗೆ ಎಲ್‌ಇಡಿ ಆಯಿತು. ಮರುವರ್ಷ ಆಡಿ ಆರ್8 ಎಲ್ಲ ದೀಪವನ್ನೂ ಎಲ್‌ಇಡಿ ಮಾಡಿತು. ಕಡಿಮೆ ಕರೆಂಟು, ತಕ್ಷಣ ಬೆಳಕು, ದೀರ್ಘ ಬಾಳಿಕೆ. ಕಂಪನಿಯೇ ಕೊಟ್ಟ ಎಲ್‌ಇಡಿ ಹೆಡ್‌ಲೈಟಿನ ಬಗ್ಗೆ ನನ್ನ ತಕರಾರಿಲ್ಲ, ಒಂದನ್ನು ಬಿಟ್ಟು. ಅದು ಕೆಟ್ಟರೆ ಬಲ್ಬು ಬದಲಿಸುವ ಮಾತಿಲ್ಲ, ಎಷ್ಟೋ ಕಾರುಗಳಲ್ಲಿ ಇಡೀ ಅಸೆಂಬ್ಲಿ ಬದಲಿಸಬೇಕು. ಬಿಲ್ಲು ಹತ್ತಾರು ಸಾವಿರಕ್ಕೆ ಹೋಗುತ್ತದೆ. ಇನ್ನು ಮ್ಯಾಟ್ರಿಕ್ಸ್ ಎಲ್‌ಇಡಿಯಲ್ಲಿ ಕ್ಯಾಮೆರಾ ಎದುರು ಗಾಡಿಯನ್ನು ಗುರುತಿಸಿ ಆ ಕಡೆಯ ಎಲ್‌ಇಡಿಗಳನ್ನಷ್ಟೇ ಆರಿಸುತ್ತದೆ. ಉಳಿದದ್ದು ಹೈ ಬೀಮಿನಲ್ಲೇ ಇರುತ್ತದೆ. ಆಡಿ ಎ8ರಲ್ಲಿ 2013ರಲ್ಲಿ ಬಂತು. ಲೇಸರ್ ಹೆಡ್‌ಲೈಟೂ ಇದೆ, 2014ರ ಬಿಎಂಡಬ್ಲ್ಯು ಐ8ರಲ್ಲಿ ಇತ್ತು. ನಮ್ಮ ನಿಮ್ಮ ಜೇಬಿನ ಮಾತಲ್ಲ, ಮುಂದೆ ಹೋಗೋಣ.

ಹೆಜ್ಜೆ 1: ನಿಮ್ಮ ಕಾರಿನಲ್ಲಿ ಏನಿದೆ ನೋಡಿ

ಕಾರಿನ ಕೈಪಿಡಿಯಲ್ಲಿ ಕೊನೆಯ ಪುಟಗಳ ಹತ್ತಿರ ಬಲ್ಬಿನ ಪಟ್ಟಿ ಇರುತ್ತದೆ. ಎಚ್4 ಅಂತಿದ್ದರೆ ಹೈ, ಡಿಮ್ ಎರಡೂ ಒಂದೇ ಬಲ್ಬಿನಲ್ಲಿ. ಎಚ್7, ಎಚ್11, ಎಚ್‌ಬಿ3 ಅಂತಿದ್ದರೆ ಒಂದೊಂದಕ್ಕೆ ಒಂದೊಂದು ಬಲ್ಬು. ಡಿ2ಎಸ್ ಥರ ಡಿ ಅಕ್ಷರದಿಂದ ಶುರುವಾದರೆ ಎಚ್‌ಐಡಿ. ಅದಕ್ಕೆ ಮನೆಯಲ್ಲಿ ಕೈ ಹಾಕಬೇಡಿ, ವೋಲ್ಟೇಜ್ ಎಷ್ಟು ಅಂತ ಮೇಲೇ ಹೇಳಿದ್ದೇನೆ.

ಲೆನ್ಸಿನ ಮೇಲೂ ಅಂಚಿನಲ್ಲಿ ಸಣ್ಣ ಅಕ್ಷರಗಳಿರುತ್ತವೆ. ಯುರೋಪ್ ಮಾದರಿಯ ಗುರುತಿದ್ದರೆ, ಎಚ್‌ಸಿಆರ್ ಅಂದರೆ ಹ್ಯಾಲೊಜೆನ್, ಡಿಮ್ ಮತ್ತು ಹೈ ಎರಡೂ. ಡಿಸಿ ಅಂದರೆ ಎಚ್‌ಐಡಿ ಡಿಮ್. ಪಕ್ಕದಲ್ಲಿ ಬಾಣದ ಗುರುತು ಹುಡುಕಿ. ಕಾರಿನ ಮುಂದೆ ನಿಂತು ನೋಡಿದರೆ ಅದು ನಿಮ್ಮ ಬಲಗಡೆಗೆ ತೋರಿಸುತ್ತಿರಬೇಕು. ಎಡಕ್ಕೆ ಓಡಿಸುವ ದೇಶಕ್ಕೆ ಮಾಡಿದ ಲೈಟು ಅಂತ ಅದರ ಅರ್ಥ. ಹಳೇ ಕಾರು ಕೊಳ್ಳುವಾಗಲೂ ಇದನ್ನು ನೋಡಿ. ಎಡಬಲದ ಲೈಟುಗಳ ಗುರುತು ಬೇರೆ ಬೇರೆ ಇದ್ದರೆ ಒಂದನ್ನು ಯಾವಾಗಲೋ ಬದಲಿಸಿದ್ದಾರೆ. ಯಾಕೆ ಅಂತ ಕೇಳಿ.

ಹೆಜ್ಜೆ 2: ಲೆನ್ಸ್ ಸರಿಮಾಡಿ

ಈಗಿನ ಹೆಡ್‌ಲೈಟಿನ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್. ಅದರ ಮೇಲೆ ಬಿಸಿಲಿನಿಂದ ಕಾಪಾಡುವ ತೆಳು ಲೇಪನ ಇರುತ್ತದೆ. ವರ್ಷಗಟ್ಟಲೆ ಬಿಸಿಲಿಗೆ ನಿಂತ ಕಾರಿನಲ್ಲಿ ಲೇಪನ ಎದ್ದು ಹೋಗಿ, ಪ್ಲಾಸ್ಟಿಕ್ ಹಳದಿಯಾಗಿ ಮಂಕಾಗುತ್ತದೆ. ಹೀಗಾದಾಗ ಎಂಥ ಬಲ್ಬು ಹಾಕಿದರೂ ಸುಖವಿಲ್ಲ. ಬೆಳಕು ಕಡಿಮೆಯಾಗುವುದಷ್ಟೇ ಅಲ್ಲ, ಚದುರಿ ಎದುರಿನವರ ಕಣ್ಣಿಗೂ ಹೋಗುತ್ತದೆ.

ಟೂತ್‌ಪೇಸ್ಟ್ ಉಜ್ಜಿದರೆ ಹೊಳೆಯುತ್ತದೆ ಅಂತ ವಿಡಿಯೋಗಳಲ್ಲಿ ನೋಡಿರುತ್ತೀರಿ. ಹೊಳೆಯುತ್ತದೆ, ಸ್ವಲ್ಪ ದಿನ. ಸರಿಯಾಗಿ ಮಾಡಬೇಕಾದರೆ ಒಂದು ಭಾನುವಾರ ಬೇಕು. ಲೆನ್ಸನ್ನು ಸೋಪುನೀರಿನಲ್ಲಿ ತೊಳೆದು, ಸುತ್ತ ಪೇಂಟಿಗೆ ತಾಗದಂತೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಅಂಟಿಸಿ. ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಅಂತ ಕೇಳಿ, 1000, 2000, 3000 ನಂಬರಿನದು ಒಂದೊಂದು ಹಾಳೆ. ನೀರು ಹಾಕುತ್ತಾ 1000ದಿಂದ ಅಡ್ಡಡ್ಡ ಉಜ್ಜಿ. ಮೊದಲು ಹಳದಿ ನೀರು ಬರುತ್ತದೆ, ಅದು ಹಳೇ ಲೇಪನ. ಬಿಳಿ ನೀರು ಬರುವವರೆಗೆ ಬಿಡಬೇಡಿ. ಆಮೇಲೆ 2000, ಉದ್ದುದ್ದ. ಆಮೇಲೆ 3000. ಲೆನ್ಸ್ ಪೂರ್ತಿ ಮಂಜಾಗಿ ಕಾಣುತ್ತದೆ, ಹೆದರಬೇಡಿ. ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತನೆ ಬಟ್ಟೆಯಲ್ಲಿ ತಿಕ್ಕಿದರೆ ತಿಳಿಯಾಗುತ್ತದೆ.

ಇಲ್ಲಿಗೇ ಕೈ ತೊಳೆದುಕೊಂಡರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಯಾಕೆಂದರೆ ಕಾಯುವ ಲೇಪನವನ್ನು ನೀವೇ ಉಜ್ಜಿ ತೆಗೆದಿದ್ದೀರಿ. ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯಲೇಬೇಕು. ಪೆಟ್ರೋಲು, ಥಿನ್ನರ್ ಹತ್ತಿರ ತರಬೇಡಿ. ಪಾಲಿಕಾರ್ಬೊನೇಟ್ ಒಳಗೊಳಗೇ ಸಣ್ಣ ಬಿರುಕು ಬಿಡುತ್ತದೆ, ಅದಕ್ಕೆ ಮದ್ದಿಲ್ಲ.

ಲೆನ್ಸಿನ ಒಳಗೆ ಮಳೆಗಾಲದಲ್ಲಿ ತೆಳುವಾಗಿ ಮಂಜು ಹಿಡಿದು, ಲೈಟು ಹಾಕಿದ ಮೇಲೆ ಹೋದರೆ ತೊಂದರೆ ಇಲ್ಲ. ನೀರು ನಿಂತಿದ್ದರೆ ಹಿಂದಿನ ರಬ್ಬರ್ ಟೋಪಿ ನೋಡಿ. ಬಲ್ಬು ಬದಲಿಸಿದವರು ಅದನ್ನು ಸರಿಯಾಗಿ ಕೂರಿಸದೇ ಬಿಡೋದು ಸಾಮಾನ್ಯ.

ಹೆಜ್ಜೆ 3: ಬಲ್ಬಿಗೆ ಎಷ್ಟು ವೋಲ್ಟ್ ಬರುತ್ತಿದೆ

ಇದನ್ನು ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ಹಾಸನದಲ್ಲಿ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ನೋಡಿ, "ಸಾರ್, ನಿಮ್ಮ ಬಲ್ಬು ಚೆನ್ನಾಗಿದೆ, ಅರ್ಥು ಕೆಟ್ಟಿದೆ" ಅಂದರು. ಅರ್ಥ್ ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಕಾರಿನ ತಗಡಿಗೆ ಬಿಗಿದಿದ್ದ ಅದರ ಬೋಲ್ಟಿನ ಕೆಳಗೆ ತುಕ್ಕು. ಉಪ್ಪು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ಒಂದಿಷ್ಟು ಗ್ರೀಸ್ ಸವರಿದರು. ತೆಗೆದುಕೊಂಡದ್ದು ಐವತ್ತು ರೂಪಾಯಿ. ಅಂದು ನನ್ನ ಕಾರಿಗೆ ಸಿಕ್ಕಿದಷ್ಟು ಬೆಳಕು ಅದಕ್ಕೆ ಮೊದಲು ಯಾವ ಬಲ್ಬಿನಿಂದಲೂ ಸಿಕ್ಕಿರಲಿಲ್ಲ.

ಹ್ಯಾಲೊಜೆನ್ನಿನ ಸ್ವಭಾವ ಹಾಗೆ. ವೋಲ್ಟೇಜ್ ಸ್ವಲ್ಪ ಬಿದ್ದರೆ ಬೆಳಕು ತುಂಬಾ ಬೀಳುತ್ತದೆ. 13.2 ವೋಲ್ಟ್ ಬರಬೇಕಾದಲ್ಲಿ 12 ಬಂದರೆ ಬೆಳಕಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು ಅಂತಲೇ ಲೆಕ್ಕ.

ಸಾಧಾರಣ ಮಲ್ಟಿಮೀಟರ್ ಸಾಕು. ಎಂಜಿನ್ ಚಾಲೂ ಮಾಡಿ, ಡಿಮ್ ಹಾಕಿ. ಮೊದಲು ಬ್ಯಾಟರಿಯ ಎರಡು ತುದಿಗೆ ಇಟ್ಟು ನೋಡಿ, ಸಾಮಾನ್ಯವಾಗಿ 13.8ರಿಂದ 14.4ರೊಳಗೆ ಇರುತ್ತದೆ. ಆಮೇಲೆ ಬಲ್ಬಿನ ಕಪ್ಲರ್ (ವೈರುಗಳನ್ನು ಬಲ್ಬಿಗೆ ಸೇರಿಸುವ ಪ್ಲಾಸ್ಟಿಕ್ ಪ್ಲಗ್ಗು) ಹಿಂದಿನಿಂದ ಡಿಮ್ ಮತ್ತು ಅರ್ಥ್ ಪಿನ್ನುಗಳಿಗೆ ತಾಗಿಸಿ ನೋಡಿ. ಕಪ್ಲರ್ ಬಲ್ಬಿಗೆ ಹಾಕಿಯೇ ಇರಬೇಕು, ಬಲ್ಬು ಉರಿಯುತ್ತಿರಬೇಕು. ಬಿಚ್ಚಿ ಅಳೆದರೆ ಕರೆಂಟು ಹರಿಯುತ್ತಿಲ್ಲವಲ್ಲ, ಎಲ್ಲ ಸರಿ ಅಂತಲೇ ತೋರಿಸುತ್ತದೆ. ಎರಡು ಅಳತೆಯ ನಡುವೆ ಅರ್ಧ ವೋಲ್ಟಿನಷ್ಟು ವ್ಯತ್ಯಾಸವಿದ್ದರೆ ಸಹಿಸಬಹುದು. ಒಂದು ವೋಲ್ಟ್ ದಾಟಿದರೆ ಅರ್ಥ್, ಕಪ್ಲರ್, ಫ್ಯೂಸ್ ಕಾಲುಗಳನ್ನು ಒಂದೊಂದಾಗಿ ನೋಡಬೇಕು.

ಹೆಜ್ಜೆ 4: ಮಟ್ಟ ಹಿಡಿಯಿರಿ

ನನ್ನನ್ನು ಕೇಳಿದರೆ ಇಡೀ ಬರಹದಲ್ಲಿ ಹೆಚ್ಚು ಬೆಲೆ ಇರುವುದು ಈ ಹೆಜ್ಜೆಗೆ. ಖರ್ಚೂ ಇಲ್ಲ.

ಡಿಮ್ ಬೀಮ್ ಸಾಮಾನ್ಯವಾಗಿ ಶೇಕಡಾ 1ರಷ್ಟು ಕೆಳಕ್ಕೆ ಇಳಿಯಬೇಕು. ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್. ನಿಮ್ಮ ಹೆಡ್‌ಲೈಟ್ ನೆಲದಿಂದ 65 ಸೆಂಟಿಮೀಟರ್ ಎತ್ತರ ಇದ್ದರೆ ಬೆಳಕಿನ ಗೆರೆ 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಅದೇ ಬೀಮ್ ಶೇಕಡಾ 1 ಮೇಲಕ್ಕೆ ಎದ್ದಿದೆ ಅಂತಿಟ್ಟುಕೊಳ್ಳಿ. 50 ಮೀಟರ್ ದೂರದಲ್ಲಿ ಅದರ ಎತ್ತರ ಒಂದು ಮೀಟರ್ 15 ಸೆಂಟಿಮೀಟರ್. ಎದುರು ಕಾರಿನ ಡ್ರೈವರ್ ಕಣ್ಣಿರುವುದು ಸರಿಯಾಗಿ ಅಲ್ಲೇ. ಹೀಗೆ ಸೂಕ್ಷ್ಮ ಇದು. ಕೆಲವು ಕಾರುಗಳಲ್ಲಿ ಎಷ್ಟು ಇಳಿಜಾರು ಬೇಕು ಅಂತ ಹೆಡ್‌ಲೈಟ್ ಮೇಲೇ, ಇಲ್ಲವೇ ಬಾನೆಟ್ಟಿನ ಕೆಳಗೆ ಚೀಟಿಯಲ್ಲಿ ಬರೆದಿರುತ್ತಾರೆ. ಇದ್ದರೆ ಅದನ್ನೇ ಪಾಲಿಸಿ.

ಮಟ್ಟಸ ನೆಲ, ಎದುರಿಗೆ ಗೋಡೆ ಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಟೈರಿಗೆ ಸರಿಯಾದ ಗಾಳಿ ಇರಲಿ. ಡಿಕ್ಕಿಯಲ್ಲಿರುವ ಅಕ್ಕಿ ಮೂಟೆ ಇಳಿಸಿ. ಡ್ರೈವರ್ ಸೀಟಿನಲ್ಲಿ ಯಾರನ್ನಾದರೂ ಕೂರಿಸಿ. ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಅಂತ ತಿರುಗಿಸುವ ಗುಂಡಿ ಇದ್ದರೆ 0ಯಲ್ಲಿಡಿ.

ಕಾರನ್ನು ಗೋಡೆಯ ಹತ್ತಿರಕ್ಕೆ, ಬಂಪರ್ ಮುಟ್ಟುವಷ್ಟು ತನ್ನಿ. ಎರಡೂ ಲೈಟುಗಳ ನಡುಬಿಂದುವಿಗೆ ಸರಿಯಾಗಿ ಗೋಡೆಯ ಮೇಲೆ ಟೇಪ್ ಅಂಟಿಸಿ. ಎರಡು ಬಿಂದುಗಳನ್ನು ಸೇರಿಸಿ ಅಡ್ಡ ಗೆರೆ, ಪ್ರತಿ ಬಿಂದುವಿನ ಮೇಲೆ ಒಂದು ಉದ್ದ ಗೆರೆ. ಈಗ ಕಾರನ್ನು ನೇರ ಹಿಂದಕ್ಕೆ ತನ್ನಿ, ಲೈಟಿನಿಂದ ಗೋಡೆಗೆ 5 ಮೀಟರ್ ಆಗುವಷ್ಟು. ಅಡ್ಡ ಗೆರೆಯಿಂದ 5 ಸೆಂಟಿಮೀಟರ್ ಕೆಳಗೆ ಇನ್ನೊಂದು ಟೇಪ್. ಡಿಮ್ ಹಾಕಿದಾಗ ಬೆಳಕಿನ ಮಟ್ಟಸ ಅಂಚು ಈ ಕೆಳಗಿನ ಟೇಪಿನ ಮೇಲೆ ಕೂರಬೇಕು. ಎಡಕ್ಕೆ ಏರುವ ತಿರುವು ಉದ್ದ ಗೆರೆಯ ಹತ್ತಿರ ಶುರುವಾಗಬೇಕು.

ಒಂದೊಂದೇ ಲೈಟು ನೋಡಿ. ಇನ್ನೊಂದರ ಮುಂದೆ ಒಂದಡಿ ದೂರದಲ್ಲಿ ರಟ್ಟು ನಿಲ್ಲಿಸಿ. ಬಟ್ಟೆ ಹೊದಿಸಬೇಡಿ, ಹ್ಯಾಲೊಜೆನ್ ಕಾವಿಗೆ ಲೆನ್ಸ್ ಹಾಳಾಗುತ್ತದೆ. ಲೈಟಿನ ಹಿಂದೆ ಎರಡು ಸ್ಕ್ರೂ ಇರುತ್ತವೆ, ಒಂದು ಮೇಲೆ ಕೆಳಗೆ, ಇನ್ನೊಂದು ಅಕ್ಕಪಕ್ಕ. ಅಕ್ಕಪಕ್ಕದ್ದನ್ನು ಸುಮ್ನೆ ಮುಟ್ಟಬೇಡಿ. ಮೇಲೆ ಕೆಳಗಿನದನ್ನು ಕಾಲು ಸುತ್ತು ತಿರುಗಿಸಿ, ನೋಡಿ, ಮತ್ತೆ ತಿರುಗಿಸಿ. ಎಷ್ಟು ಸುತ್ತು ಅಂತ ಬರೆದಿಟ್ಟುಕೊಂಡರೆ ತಪ್ಪಿದಾಗ ವಾಪಸ್ ಬರಬಹುದು.

ಆ 0-1-2-3 ಗುಂಡಿಯ ವಿಷಯ. ಹಿಂದಿನ ಸೀಟು ತುಂಬಿ, ಡಿಕ್ಕಿಯೂ ತುಂಬಿದರೆ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ಬೆಳಕೂ ಮೇಲೇಳುತ್ತದೆ. ಅದನ್ನು ಇಳಿಸಲು ಈ ಗುಂಡಿ. ಭಾರ ಹೆಚ್ಚಾದಷ್ಟು ನಂಬರು ಹೆಚ್ಚು. ಮದುವೆಗೆ ಐದು ಜನ ತುಂಬಿಕೊಂಡು ಹೊರಟಾಗ ಎಷ್ಟು ಜನ ಇದನ್ನು ತಿರುಗಿಸುತ್ತಾರೆ? ಅಂಥ ಒಂದು ಗುಂಡಿ ಇದೆ ಅಂತಲೇ ಗೊತ್ತಿರುವುದಿಲ್ಲ, ಅಲ್ವಾ?

ಹೆಜ್ಜೆ 5: ಈಗ ಬಲ್ಬು

ಇಷ್ಟಾದ ಮೇಲೂ ಸಾಲದು ಅನ್ನಿಸಿದರೆ ಮೊದಲು ಅದೇ ವಾಟಿನ ಹೊಸ, ಒಳ್ಳೆಯ ಕಂಪನಿಯ ಬಲ್ಬು ಹಾಕಿ. ಫಿಲಿಪ್ಸ್, ಓಸ್ರಾಮ್, ಬಾಷ್ ಎಲ್ಲವೂ ಸಿಗುತ್ತವೆ. ಹ್ಯಾಲೊಜೆನ್ ಹಳೆಯದಾದಂತೆ ಮಂಕಾಗುತ್ತದೆ, ನಿಧಾನಕ್ಕೆ ಆಗುವುದರಿಂದ ನಮಗೆ ತಿಳಿಯುವುದಿಲ್ಲ. ಯಾವಾಗಲೂ ಎರಡನ್ನೂ ಒಟ್ಟಿಗೆ ಬದಲಿಸಿ.

ಡಬ್ಬಿಯ ಮೇಲೆ ಶೇಕಡಾ 100 ಹೆಚ್ಚು, 130 ಹೆಚ್ಚು ಅಂತ ಬರೆದದ್ದು ಒಟ್ಟು ಬೆಳಕಿನ ಮಾತಲ್ಲ. ರಸ್ತೆಯ ಯಾವುದೋ ಒಂದು ಬಿಂದುವಿನಲ್ಲಿ, ಕಾನೂನು ಕೇಳುವ ಕನಿಷ್ಠಕ್ಕೆ ಹೋಲಿಸಿ ಹೇಳಿದ್ದು. ಆದರೂ ಇವು ಮಾಮೂಲಿ ಬಲ್ಬಿಗಿಂತ ಉತ್ತಮ. ತಂತಿ ಹೆಚ್ಚು ಕಾಯುವುದರಿಂದ ಆಯಸ್ಸು ಕಡಿಮೆ. ರಾತ್ರಿ ಓಡಾಟ ಜಾಸ್ತಿ ಇರುವವರು ದುಡ್ಡು ಹಾಕಬಹುದು. ನೀಲಿ ಬಣ್ಣ ಬಳಿದ ಬಲ್ಬು ಮಾತ್ರ ಬೇಡ. ಆ ಬಣ್ಣ ಬೆಳಕನ್ನು ನುಂಗುತ್ತದೆ. ನೋಡಲು ಬಿಳಿ, ರಸ್ತೆಗೆ ಕಡಿಮೆ.

ಎಚ್4 ಬದಲಿಸುವುದು ಹೀಗೆ. ಲೈಟು ಆರಿಸಿ, ತಣ್ಣಗಾಗಲು ಬಿಡಿ. ಕಪ್ಲರನ್ನು ನೇರ ಹಿಂದಕ್ಕೆ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ರಬ್ಬರ್ ಟೋಪಿ ಕಳಚಿ. ತಂತಿ ಕ್ಲಿಪ್ಪನ್ನು ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬು ಕೈಗೆ ಬರುತ್ತದೆ. ಹೊಸ ಬಲ್ಬಿನ ಗಾಜನ್ನು ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಹೆಚ್ಚು ಕಾದು ಬೇಗ ಹೋಗುತ್ತದೆ. ಮುಟ್ಟಿದರೆ ಸ್ಪಿರಿಟ್‌ನಲ್ಲಿ ಒರೆಸಿ. ತಳದ ಮೂರು ಕಿವಿಗಳು ಒಂದೇ ಥರ ಇಲ್ಲ, ಹಾಗಾಗಿ ಒಂದೇ ರೀತಿ ಕೂರುತ್ತದೆ. ಕೂರದಿದ್ದರೆ ಒತ್ತಬೇಡಿ, ತಿರುಗಿಸಿ ನೋಡಿ.

100/90 ವಾಟಿನ ಬಲ್ಬು ಹಾಕಬಾರದೇ? ರ್‍ಯಾಲಿ ಬಲ್ಬು ಅಂತ ಮಾರುತ್ತಾರೆ. ಲೆಕ್ಕ ಹಾಕಿ. 55 ವಾಟಿಗೆ ಸುಮಾರು 4.6 ಆಂಪಿಯರ್, 90 ವಾಟಿಗೆ 7.5. ವೈರು ಕಾಯುವುದು ಕರೆಂಟಿನ ವರ್ಗದಷ್ಟು. ಅಂದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ. ಕಂಪನಿಯ ಪ್ಲಾಸ್ಟಿಕ್ ಕಪ್ಲರ್ ಕರಗಿ ಬಲ್ಬಿಗೆ ಅಂಟಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಹೆಜ್ಜೆ 6: ರಿಲೇ

ಮೂರನೇ ಹೆಜ್ಜೆಯಲ್ಲಿ ಎಲ್ಲ ಶುಚಿ ಮಾಡಿದರೂ ವೋಲ್ಟೇಜ್ ಬರುತ್ತಿಲ್ಲ ಅಂದರೆ ಕಾರಿನ ವೈರೇ ತೆಳು. ಹಳೇ ಕಾರುಗಳಲ್ಲಿ ಪೂರ್ತಿ ಕರೆಂಟು ಸ್ಟೀರಿಂಗ್ ಪಕ್ಕದ ಸ್ವಿಚ್ಚಿನವರೆಗೆ ಹೋಗಿ ವಾಪಸ್ ಬರುತ್ತಿತ್ತು. ರಿಲೇ ಅಂದರೆ ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು. ಅದನ್ನು ಹಾಕಿದರೆ ಆ ವೈರಿನಲ್ಲಿ ಬರೀ ಸನ್ನೆ ಹರಿಯುತ್ತದೆ. ಬಲ್ಬಿಗೆ ಬ್ಯಾಟರಿಯಿಂದಲೇ ದಪ್ಪ ವೈರು.

ಬಿಡಿಬಿಡಿಯಾಗಿ ಜೋಡಿಸುವ ಬದಲು ಸೆರಾಮಿಕ್ ಹೋಲ್ಡರ್ ಇರುವ ಸಿದ್ಧ ಕಿಟ್ ಕೊಳ್ಳಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದರೆ ಸಿಗುತ್ತದೆ. ರಿಲೇಯ 30ನೇ ಪಿನ್ನು ಬ್ಯಾಟರಿಗೆ, 87 ಬಲ್ಬಿಗೆ, 85 ಮತ್ತು 86 ಸನ್ನೆಗೆ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು, ಇದರಲ್ಲಿ ರಾಜಿ ಇಲ್ಲ. ಕೆಲವು ಕಾರುಗಳಲ್ಲಿ ಸ್ವಿಚ್ ಕೆಲಸ ಮಾಡುವುದು ಪಾಸಿಟಿವ್ ಕಡೆ ಅಲ್ಲ, ಅರ್ಥ್ ಕಡೆ. ಅಂಥದ್ದಕ್ಕೆ ಬೇರೆ ಕಿಟ್ ಬೇಕು. ಮೂಲ ವೈರನ್ನು ಕತ್ತರಿಸಲು ಯಾರಿಗೂ ಬಿಡಬೇಡಿ, ವಾರಂಟಿ ಮಾತು ಬಂದಾಗ ಮೊದಲು ತೋರಿಸುವುದೇ ಅದನ್ನು. ಲೈಟನ್ನು ಕಂಪ್ಯೂಟರ್ ನಡೆಸುವ ಹೊಸ ಕಾರುಗಳಿಗೆ ಇದು ಬೇಕಾಗುವುದಿಲ್ಲ. ಹಾಕಿದರೆ ಬಲ್ಬು ಹೋಗಿದೆ ಅಂತ ಡ್ಯಾಶ್‌ಬೋರ್ಡಿನಲ್ಲಿ ದೂರು ಬರಬಹುದು.

ಎಲ್‌ಇಡಿ ಬಲ್ಬು ಹಾಕಿಸಲೇ?

ಎಲ್ಲರೂ ಕೇಳುವ ಪ್ರಶ್ನೆ. ಹ್ಯಾಲೊಜೆನ್ ತಂತಿ ಸಣ್ಣ ಕೊಳವೆಯಂತೆ, ಸುತ್ತಲೂ ಬೆಳಕು ಚೆಲ್ಲುತ್ತದೆ. ಎಲ್‌ಇಡಿ ಚಿಪ್ಪು ಚಪ್ಪಟೆ. ಎರಡು ಕಡೆ ಅಂಟಿಸಿ, ತಂತಿಯ ನಕಲು ಮಾಡಲು ನೋಡುತ್ತಾರೆ. ತಂತಿಯಿದ್ದ ಜಾಗದಲ್ಲೇ, ಅಷ್ಟೇ ಗಾತ್ರದಲ್ಲಿ ಚಿಪ್ಪು ಕೂರದಿದ್ದರೆ ಬಟ್ಟಲಿನ ಲೆಕ್ಕ ತಪ್ಪುತ್ತದೆ. ಬೆಳಕು ಕಟ್‌ಆಫ್ ಮೇಲಕ್ಕೆ ಸೋರುತ್ತದೆ. ಕಾರಿನ ಮುಂದಿನ ಹತ್ತು ಹದಿನೈದು ಮೀಟರ್ ಭರ್ತಿ ಬೆಳಗುತ್ತದೆ. ನಮಗೆ ಖುಷಿ. ಆದರೆ ಹತ್ತಿರ ಅಷ್ಟು ಬೆಳಕಿದ್ದರೆ ಕಣ್ಣಿನ ಪಾಪೆ ಕುಗ್ಗಿ, ದೂರದ್ದು ಇನ್ನಷ್ಟು ಕತ್ತಲಾಗುತ್ತದೆ. ಅಂಗಡಿಯ ಗೋಡೆ ನನಗೆ ಮೋಸ ಮಾಡಿದ್ದು ಹೀಗೆ.

ಮಳೆಯಲ್ಲಿ ಮತ್ತೊಂದು ಪಾಡು. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಅನ್ನುವ ಮಾತು ಪೂರ್ತಿ ನಿಜವಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು. ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ಥರ ಚದುರಿಸುತ್ತದೆ. ಆದರೆ 6000 ಕೆಲ್ವಿನ್‌ನ ನೀಲಿ ಬಿಳುಪು ತಿರುಗಿ ಬಂದಾಗ ಕಣ್ಣಿಗೆ ಜಾಸ್ತಿ ಚುಚ್ಚುತ್ತದೆ. ಕಟ್‌ಆಫ್ ಮೇಲಕ್ಕೆ ಸೋರಿದ ಬೆಳಕೆಲ್ಲ ಮಂಜಿಗೆ ಬಡಿದು ನಮ್ಮ ಕಡೆಗೇ ಬರುತ್ತದೆ. ಭಾವ ಕಂಡ ಬಿಳೀ ಪಂಚೆ ಅದೇ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂಥ ಬದಲಾವಣೆ ಮಾಡುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ, ದೀಪ ಎದುರಿನವರ ಕಣ್ಣು ಕುಕ್ಕದಂತೆ ಕೆಳಕ್ಕೆ ಬಾಗಿರಬೇಕು ಅನ್ನುತ್ತದೆ. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕೋರೈಸುವ ಲೈಟುಗಳ ಮೇಲೆ ಕೇಸು ಹಾಕಲು ಶುರು ಮಾಡಿದ್ದು ನೆನಪಿರಬಹುದು.

ಹಾಗಾಗಿ ರಿಫ್ಲೆಕ್ಟರ್ ಬಟ್ಟಲಿರುವ ಕಾರಿಗೆ ನನ್ನ ಉತ್ತರ: ಬೇಡ. ಪ್ರೊಜೆಕ್ಟರ್ ಇದ್ದರೆ ತಗಡು ಕಟ್‌ಆಫ್ ಕಾಯುತ್ತದೆ, ಕಣ್ಣು ಕುಕ್ಕುವುದು ಕಡಿಮೆ. ಆದರೂ ದೂರದ ಬೆಳಕು ಹೆಚ್ಚುತ್ತದೆ ಅನ್ನುವ ಖಾತ್ರಿ ಇಲ್ಲ, ಕಾನೂನಿನ ತಕರಾರೂ ಹಾಗೇ ಉಳಿಯುತ್ತದೆ. ಎಲ್‌ಇಡಿಯೇ ಬೇಕು ಅನ್ನುವವರಿಗೆ ಮರ್ಯಾದೆಯ ದಾರಿ ಒಂದಿದೆ. ನಿಮ್ಮ ಕಾರಿನದೇ ಮೇಲಿನ ವೇರಿಯಂಟಿನಲ್ಲಿ ಕಂಪನಿ ಎಲ್‌ಇಡಿ ಅಥವಾ ಪ್ರೊಜೆಕ್ಟರ್ ಕೊಟ್ಟಿದ್ದರೆ, ಅದೇ ಅಸೆಂಬ್ಲಿ ನಿಮ್ಮದಕ್ಕೆ ಕೂರುತ್ತದೆಯೇ, ವೈರಿಂಗ್ ಹೊಂದುತ್ತದೆಯೇ ಅಂತ ಸರ್ವಿಸ್ ಸೆಂಟರಿನಲ್ಲಿ ಕೇಳಿ. ದುಬಾರಿ, ಆದರೆ ಬಲ್ಬು ಬಟ್ಟಲು ಜೋಡಿ ಸರಿಯಿರುತ್ತದೆ.

ಶಿರಾಡಿ, ಆಗುಂಬೆ ಕಡೆ ಪದೇ ಪದೇ ಓಡಾಡುವವರು ಆ ದುಡ್ಡಿನಲ್ಲಿ ಒಳ್ಳೆಯ ಫಾಗ್ ಲ್ಯಾಂಪ್ ಹಾಕಿಸುವುದು ಲೇಸು. ಬಂಪರಿನ ಕೆಳಗೆ, ಅಗಲವಾಗಿ, ಚಪ್ಪಟೆಯಾಗಿ ಚೆಲ್ಲುವಂಥದ್ದು. ಮಂಜಿನಲ್ಲಿ ಬೇಕಾಗುವುದು ಎಡ ಅಂಚಿನ ಬಿಳಿ ಪಟ್ಟಿ ಕಾಣುವುದು, ಅಷ್ಟೇ. ಮಂಜು ಕಳೆದ ಮೇಲೆ ಆರಿಸಿ.

ನಾನು ಕೊನೆಗೆ ಮಾಡಿದ್ದು: ಲೆನ್ಸ್ ಉಜ್ಜಿದೆ, ಅರ್ಥ್ ಸರಿಮಾಡಿಸಿದೆ, ಬೇಸ್‌ಮೆಂಟಿನಲ್ಲಿ ಮಟ್ಟ ಹಿಡಿದೆ, 60/55 ವಾಟಿನ ಹೊಸ ಜೋಡಿ ಹಾಕಿದೆ. ಮೊನ್ನೆ ಅದೇ ಘಾಟಿ, ಅದೇ ಮಳೆ. ಭಾವ ಈ ಸಲ ಲೈಟಿನ ಬಗ್ಗೆ ಏನೂ ಹೇಳಲಿಲ್ಲ, ಕೊಟ್ಟಿಗೆಹಾರ ದಾಟುತ್ತಿದ್ದಂತೆ ನಿದ್ದೆ ಹೋಗಿದ್ದರು. ತೆಗೆದ ಹಳೇ ಹ್ಯಾಲೊಜೆನ್‌ಗಳಲ್ಲಿ ಚೆನ್ನಾಗಿದ್ದ ಒಂದನ್ನು ಕಾಗದದಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಟ್ಟಿದ್ದೇನೆ. ನೀವೂ ಒಂದು ಇಟ್ಟುಕೊಳ್ಳಿ, ಜೊತೆಗೆ ಪುಟ್ಟ ಟಾರ್ಚು. ಕತ್ತಲಲ್ಲಿ ಆ ತಂತಿ ಕ್ಲಿಪ್ಪು ಕಣ್ಣಿಗೆ ಕಾಣುವುದಿಲ್ಲ.